ಬೈಡನ್‌ಗೆ ಕಮಲಾ ಬೆಂಬಲ: ಜೂನ್‌ನ ಜಗಳ ಮಾರ್ಚ್‌ಗೆ ಮುಗಿದದ್ದು ಹೇಗೆ?

ಆಗ ಅಮೆರಿಕದ ಸೆನೆಟರ್ ಆಗಿದ್ದ ಕಮಲಾ ಹ್ಯಾರಿಸ್ ಭಾನುವಾರ, 2020ರ ಮಾರ್ಚ್ 8ರಂದು ಜೋ ಬೈಡನ್ ಅವರಿಗೆ ಬೆಂಬಲ ಘೋಷಿಸಿದರು. ನವೆಂಬರ್‌ನಲ್ಲಿ ಡೊನಾಲ್ಡ್ ಟ್ರಂಪ್ ಎದುರು ಡೆಮಾಕ್ರಟಿಕ್ ಪಕ್ಷದಿಂದ ಯಾರು ನಿಲ್ಲಬೇಕು ಎಂಬ ಸ್ಪರ್ಧೆಯಲ್ಲಿ ಆಗ ಗಟ್ಟಿಯಾಗಿ ಉಳಿದಿದ್ದವರು ಇಬ್ಬರೇ. ಒಬ್ಬರು ಮಾಜಿ ಉಪಾಧ್ಯಕ್ಷ ಬೈಡನ್, ಇನ್ನೊಬ್ಬರು ವರ್ಮಾಂಟ್‌ನ ಸೆನೆಟರ್ ಬರ್ನಿ ಸ್ಯಾಂಡರ್ಸ್. ಹ್ಯಾರಿಸ್ ಸೋಮವಾರ ಡೆಟ್ರಾಯಿಟ್‌ನಲ್ಲಿ ಬೈಡನ್ ಪರ ಪ್ರಚಾರಕ್ಕೆ ಇಳಿಯಲಿದ್ದರು. ಮರುದಿನ, ಮಾರ್ಚ್ 10ರಂದು, ಮಿಷಿಗನ್ ಸೇರಿ ಆರು ರಾಜ್ಯಗಳಲ್ಲಿ ಮತದಾನವಿತ್ತು.

ಹ್ಯಾರಿಸ್ ಅವರ ತಾಯಿ ಶ್ಯಾಮಲಾ ಗೋಪಾಲನ್ ಚೆನ್ನೈ ಕಡೆಯವರಾದ್ದರಿಂದ ಅವರ ಸುದ್ದಿಯನ್ನು ಇಲ್ಲಿಯೂ ಆಸಕ್ತಿಯಿಂದ ಓದುತ್ತಾರೆ. ಹಾಗೆ ಓದುತ್ತ ಬಂದವರಿಗೇ ಈ ಬೆಂಬಲ ಹೆಚ್ಚು ಗೊಂದಲ ತಂದಿತ್ತು. 2019ರ ಜೂನ್ 27ರಂದು ಮಯಾಮಿಯ ಚರ್ಚಾ ವೇದಿಕೆಯಲ್ಲಿ ಬೈಡನ್ ಅವರನ್ನು ಎಲ್ಲರಿಗಿಂತ ಕಟುವಾಗಿ ತರಾಟೆಗೆ ತೆಗೆದುಕೊಂಡವರು ಇದೇ ಹ್ಯಾರಿಸ್. ವರ್ಣಭೇದವನ್ನು ಬೆಂಬಲಿಸಿದ್ದ ಸೆನೆಟರುಗಳ ಜೊತೆ ಕೆಲಸ ಮಾಡಿದ್ದನ್ನು ಬೈಡನ್ ಹೊಗಳಿಕೊಂಡದ್ದು ನೋವು ತಂದಿದೆ ಎಂದು ಅವರು ಹೇಳಿದರು. 1970ರ ದಶಕದಲ್ಲಿ ಕಪ್ಪು ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಒಂದೇ ಶಾಲೆಗೆ ಸೇರಿಸಲು ಬಸ್ಸುಗಳಲ್ಲಿ ಕರೆದೊಯ್ಯುವ ಯೋಜನೆಯನ್ನು ಬೈಡನ್ ವಿರೋಧಿಸಿದ್ದನ್ನು ಎತ್ತಿದರು. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ದಿನಾ ಬಸ್ಸು ಹತ್ತಿ ಶಾಲೆಗೆ ಹೋಗುತ್ತಿದ್ದ ಪುಟ್ಟ ಹುಡುಗಿ ತಾನೇ ಎಂದರು. ಬೈಡನ್ ತಬ್ಬಿಬ್ಬಾದರು. ಆ ರಾತ್ರಿಯೇ ಹ್ಯಾರಿಸ್ ಪ್ರಚಾರ ತಂಡ ಆ ಮಾತು ಮತ್ತು ಅವರ ಬಾಲ್ಯದ ಫೋಟೊ ಇದ್ದ ಟೀ ಶರ್ಟ್ ಮಾರಾಟಕ್ಕಿಟ್ಟಿತು.

ಹಾಗಾದರೆ ಎಂಟು ತಿಂಗಳಲ್ಲಿ ಬದಲಾದದ್ದೇನು? ಅವರಿಬ್ಬರ ನಿಲುವು ಹೆಚ್ಚೇನೂ ಬದಲಾಗಿಲ್ಲ. ಬದಲಾದದ್ದು ಕಣದ ಲೆಕ್ಕ, ಮತ್ತು ಆ ಲೆಕ್ಕ ತಿರುಗಿದ ಕ್ಷಣ.

ಪಕ್ಷಾಂತರದ ಕನ್ನಡಕ ತೆಗೆದಿಡಬೇಕು

ಕರ್ನಾಟಕದಲ್ಲಿ 2019ರಲ್ಲಿ 17 ಶಾಸಕರು ಮೈತ್ರಿ ಸರ್ಕಾರ ಉರುಳಿಸಿ, ಅನರ್ಹಗೊಂಡು, ಅವರಲ್ಲಿ ಹಲವರು ಉಪಚುನಾವಣೆ ಗೆದ್ದು, ಹತ್ತು ಮಂದಿ 2020ರ ಫೆಬ್ರುವರಿ 6ರಂದು ಸಚಿವರಾದದ್ದನ್ನು ನೋಡಿದವರಿಗೆ, ನಿನ್ನೆಯ ಎದುರಾಳಿಯನ್ನು ಇಂದು ಅಪ್ಪಿಕೊಂಡರು ಎಂದ ಕೂಡಲೇ ಹೊಳೆಯುವುದು ಒಂದೇ ಅರ್ಥ. ಆದರೆ ಹ್ಯಾರಿಸ್ ಪಕ್ಷ ಬಿಟ್ಟಿಲ್ಲ. ಬೈಡನ್ ಅವರ ಎದುರಾಳಿಯಾಗಿದ್ದದ್ದು ಮನೆಯೊಳಗಿನ ಸ್ಪರ್ಧೆಯಲ್ಲಿ.

ನಮ್ಮಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಆಕಾಂಕ್ಷಿಗಳ ಪೈಪೋಟಿ ದೆಹಲಿಯ ಕೊಠಡಿಗಳಲ್ಲಿ ನಡೆದು ಹೋಗುತ್ತದೆ. ಬಿ ಫಾರಂ ಒಬ್ಬರ ಕೈಸೇರಿದ ಮೇಲೆ ಉಳಿದವರು ಮುನಿಸಿಕೊಂಡು ಮನೆಯಲ್ಲಿ ಕೂರುತ್ತಾರೆ, ಬಂಡಾಯ ನಿಲ್ಲುತ್ತಾರೆ, ಇಲ್ಲವೇ ಪಕ್ಕದ ಪಕ್ಷದ ಕದ ತಟ್ಟುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷ ಹುದ್ದೆಯ ಬಿ ಫಾರಂ ಯಾರಿಗೆ ಎಂದು ತೀರ್ಮಾನಿಸುವವರು ಪಕ್ಷದ ಮತದಾರರು. ಫೆಬ್ರುವರಿಯಿಂದ ಜೂನ್‌ವರೆಗೆ ರಾಜ್ಯದಿಂದ ರಾಜ್ಯಕ್ಕೆ ಪ್ರೈಮರಿ (ಪಕ್ಷದೊಳಗಿನ ಮತದಾನ) ಅಥವಾ ಕಾಕಸ್ (ಬೆಂಬಲಿಗರ ಸಭೆ) ನಡೆಯುತ್ತವೆ. ಆ ಸಲ ಡೆಮಾಕ್ರಟಿಕ್ ಕಣಕ್ಕೆ ಇಳಿದವರು 20ಕ್ಕೂ ಹೆಚ್ಚು ಮಂದಿ. ಅವರಲ್ಲಿ ಬಹುಪಾಲು ಜನರ ನಡುವೆ ನೀತಿಯ ಅಂತರ ಕಡಿಮೆ. ಹಾಗಾಗಿ ತಾನು ಬೇರೆ ಎಂದು ತೋರಿಸಲು ಸಣ್ಣ ಬಿರುಕನ್ನೂ ದೊಡ್ಡದು ಮಾಡಬೇಕಾಗುತ್ತದೆ. ಬಸ್ಸಿನ ವಿಷಯವನ್ನೇ ನೋಡಿ: ಮಯಾಮಿ ಚರ್ಚೆಯಾಗಿ ವಾರ ಕಳೆಯುವುದರೊಳಗೆ, ಇಂದಿನ ದಿನ ನೀವೇನು ಮಾಡುತ್ತೀರಿ ಎಂದು ಕೇಳಿದಾಗ ಹ್ಯಾರಿಸ್ ಕೊಟ್ಟ ಉತ್ತರ, ಅದು ಸ್ಥಳೀಯ ಶಾಲಾ ಆಡಳಿತಗಳು ಪರಿಗಣಿಸಬಹುದಾದ ಒಂದು ಸಾಧನ ಎಂಬುದಾಗಿತ್ತು. ಬೈಡನ್ ನಿಲುವಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಬೈಡನ್ ಕಡೆಯವರು ಆಗಲೇ ಕಾಲೆಳೆದಿದ್ದರು.

ಸ್ವತಃ ಬೈಡನ್ ಇದೇ ದಾರಿಯಲ್ಲಿ ಬಂದವರು. 2007ರಲ್ಲಿ ಬರಾಕ್ ಒಬಾಮ ವಿರುದ್ಧ ಕಣದಲ್ಲಿದ್ದಾಗ, ಅಧ್ಯಕ್ಷ ಹುದ್ದೆ ಕೆಲಸ ಕಲಿಯುತ್ತಾ ಮಾಡುವಂಥದ್ದಲ್ಲ ಎಂದು ಒಬಾಮ ಅವರ ಅನುಭವದ ಕೊರತೆಯನ್ನು ಚುಚ್ಚಿದ್ದರು. 2008ರ ಜನವರಿ 3ರಂದು ಅಯೋವಾದಲ್ಲಿ ನೆಲಕಚ್ಚಿ ಹಿಂದೆ ಸರಿದರು. ಅದೇ ವರ್ಷ ಒಬಾಮ ಬೈಡನ್ ಅವರನ್ನೇ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡರು.

ಶೇ 15ರ ಗೆರೆ

ಆಗ ನಡೆದದ್ದನ್ನು ಅರಿಯಲು ಒಂದು ನಿಯಮ ತಿಳಿದರೆ ಅರ್ಧ ಕೆಲಸ ಆದಂತೆ. ಪ್ರೈಮರಿಯಲ್ಲಿ ಜನ ಮತ ಹಾಕುವುದು ಅಭ್ಯರ್ಥಿಗೆ. ಆ ಮತದ ಪ್ರಮಾಣಕ್ಕೆ ತಕ್ಕಂತೆ ಅಭ್ಯರ್ಥಿಗೆ ಸಿಗುವುದು ಪ್ರತಿನಿಧಿಗಳು, ಅಂದರೆ ಡೆಲಿಗೇಟ್‌ಗಳು. ಪಕ್ಷದ ಮಹಾಧಿವೇಶನದಲ್ಲಿ (ಆ ಸಲ ಅದು ಜುಲೈನಲ್ಲಿ ಮಿಲ್ವಾಕಿಯಲ್ಲಿ ನಿಗದಿಯಾಗಿತ್ತು) ಅಧಿಕೃತವಾಗಿ ಅಭ್ಯರ್ಥಿಯನ್ನು ಆರಿಸುವವರು ಇವರೇ. ಹೀಗೆ ಮತದಿಂದ ನಿರ್ಧಾರವಾಗುವ ಪ್ರತಿನಿಧಿಗಳು ಆ ಸಲ ಒಟ್ಟು 3,979. ಗೆಲ್ಲಲು 1,991 ಬೇಕಿತ್ತು.

ಆದರೆ ಡೆಮಾಕ್ರಟಿಕ್ ಪಕ್ಷದ ನಿಯಮದಲ್ಲಿ, ರಾಜ್ಯದಲ್ಲಾಗಲೀ ಅದರೊಳಗಿನ ಜಿಲ್ಲೆಯಲ್ಲಾಗಲೀ, ಶೇ 15 ಮತ ದಾಟದವರಿಗೆ ಅಲ್ಲಿ ಒಬ್ಬ ಪ್ರತಿನಿಧಿಯೂ ಸಿಗುವುದಿಲ್ಲ. ಅವರಿಗೆ ಬಿದ್ದ ಮತವನ್ನು ಬದಿಗಿಟ್ಟು, ಗೆರೆ ದಾಟಿದವರ ನಡುವೆ ಎಲ್ಲವನ್ನೂ ಹಂಚಲಾಗುತ್ತದೆ.

ಫೆಬ್ರುವರಿ 11ರ ನ್ಯೂ ಹ್ಯಾಂಪ್‌ಶೈರ್ ಫಲಿತಾಂಶ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿದ್ದದ್ದು 24 ಪ್ರತಿನಿಧಿಗಳು. ಸ್ಯಾಂಡರ್ಸ್ ಸುಮಾರು ಶೇ 26 ಮತ ಪಡೆದು ಮೊದಲಿಗರಾದರು. ಸೌತ್ ಬೆಂಡ್ ಊರಿನ ಮಾಜಿ ಮೇಯರ್ ಪೀಟ್ ಬುಟಿಜೆಜ್ ಶೇ 24, ಮಿನೆಸೋಟದ ಸೆನೆಟರ್ ಏಮಿ ಕ್ಲೋಬುಷರ್ ಹತ್ತಿರ ಹತ್ತಿರ ಶೇ 20. ಮಸಾಚುಸೆಟ್ಸ್‌ನ ಸೆನೆಟರ್ ಎಲಿಜಬೆತ್ ವಾರನ್ ಶೇ 9ರಲ್ಲೇ ನಿಂತರು. ಬೈಡನ್ ಶೇ 8ರಷ್ಟು ಪಡೆದು ಐದನೆಯವರು. ಪ್ರತಿನಿಧಿಗಳು ಹಂಚಿಕೆಯಾದದ್ದು 9, 9, 6. ವಾರನ್‌ಗೂ ಬೈಡನ್‌ಗೂ ಸೊನ್ನೆ. ಬುಟಿಜೆಜ್ ಮತ್ತು ಕ್ಲೋಬುಷರ್ ಇಬ್ಬರೂ ಪಕ್ಷದ ಮಧ್ಯಮಮಾರ್ಗಿಗಳು. ಅವರ ಮತ ಸೇರಿಸಿದರೆ ಶೇ 44 ಆಗುತ್ತದೆ. ಆದರೂ ಮರುದಿನ ಎಲ್ಲ ಪತ್ರಿಕೆಗಳಲ್ಲಿ ಗೆದ್ದವರು ಸ್ಯಾಂಡರ್ಸ್.

ಇದೇ ಒಡಕು ದೊಡ್ಡ ರಾಜ್ಯಗಳಿಗೆ ಹಬ್ಬಿದರೆ ಏನಾಗುತ್ತದೆ? ಒಂದು ರಾಜ್ಯದಲ್ಲಿ ಮೊದಲನೆಯವರಿಗೆ ಶೇ 30, ಎರಡನೆಯವರಿಗೆ ಶೇ 18, ಉಳಿದ ನಾಲ್ವರಿಗೆ ತಲಾ ಶೇ 13 ಬಿತ್ತು ಎಂದಿಟ್ಟುಕೊಳ್ಳಿ. ಆ ನಾಲ್ವರ ಒಟ್ಟು ಶೇ 52 ಮತ ಲೆಕ್ಕದಿಂದಲೇ ಹೊರಗೆ. ರಾಜ್ಯಮಟ್ಟದ ಪ್ರತಿನಿಧಿಗಳಲ್ಲಿ ಶೇ 62ಕ್ಕೂ ಹೆಚ್ಚು ಪಾಲು ಮೊದಲನೆಯವರಿಗೆ ಹೋಗುತ್ತದೆ. ಶೇ 70 ಮತದಾರರು ಬೇಡವೆಂದವರು ಬಹುಮತದ ದಾರಿ ಹಿಡಿಯುತ್ತಾರೆ. ಫೆಬ್ರುವರಿ 22ರಂದು ಸ್ಯಾಂಡರ್ಸ್ ನೆವಾಡವನ್ನು ಭಾರಿ ಅಂತರದಲ್ಲಿ ಗೆದ್ದಾಗ ಪಕ್ಷದ ಹಿರಿಯರಿಗೆ ನಡುಕ ಹುಟ್ಟಿಸಿದ್ದು ಈ ಲೆಕ್ಕ. ಮುಂದಿನ ಮಾರ್ಚ್ 3ರಂದು, ಹಲವು ರಾಜ್ಯಗಳು ಒಟ್ಟಿಗೆ ಮತ ಹಾಕುವ ಸೂಪರ್ ಟ್ಯೂಸ್‌ಡೇ ದಿನ, ಒಂದೇ ಏಟಿಗೆ ಮೂರನೇ ಒಂದರಷ್ಟು ಪ್ರತಿನಿಧಿಗಳು ತೀರ್ಮಾನವಾಗುವುದಿತ್ತು. ಪ್ರತಿನಿಧಿಗಳು ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗುವ ವ್ಯವಸ್ಥೆಯಲ್ಲಿ ಒಮ್ಮೆ ದೊಡ್ಡ ಮುನ್ನಡೆ ಸಿಕ್ಕರೆ ಹಿಂದಿನವರು ಅದನ್ನು ತುಂಬಿಕೊಳ್ಳುವುದು ಬಹಳ ಕಷ್ಟ. 2008ರ ಫೆಬ್ರುವರಿಯಲ್ಲಿ ಒಬಾಮ ಗಳಿಸಿದ ಮುನ್ನಡೆಯನ್ನು ಹಿಲರಿ ಕ್ಲಿಂಟನ್ ಆಮೇಲೆ ದೊಡ್ಡ ದೊಡ್ಡ ರಾಜ್ಯ ಗೆದ್ದರೂ ಮುಟ್ಟಲಾಗಲಿಲ್ಲ.

ನಾಲ್ಕು ದಿನಗಳು

ತಿರುವು ಬಂದದ್ದು ಸೌತ್ ಕೆರೊಲಿನಾದಲ್ಲಿ. ಫೆಬ್ರುವರಿ 26ರಂದು ಅಲ್ಲಿನ ಸಂಸದ, ಕಪ್ಪು ಸಮುದಾಯದ ಹಿರಿಯ ನಾಯಕ ಜಿಮ್ ಕ್ಲೈಬರ್ನ್ ಬೈಡನ್ ಪರ ನಿಂತರು. 29ರಂದು ಬೈಡನ್ ಅರ್ಧದ ಸನಿಹಕ್ಕೆ ಮತ ಪಡೆದರು. ಸ್ಯಾಂಡರ್ಸ್ ಶೇ 20ರ ಆಸುಪಾಸು. ಮತ ಹಾಕಿ ಹೊರಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕ್ಲೈಬರ್ನ್ ಮಾತು ತಮ್ಮ ತೀರ್ಮಾನಕ್ಕೆ ಮುಖ್ಯವಾಯಿತು ಎಂದು ಸಮೀಕ್ಷೆಗೆ ಹೇಳಿದರು. ಬೆಂಬಲ ಘೋಷಣೆಗೆ ಮತ ತರುವ ಶಕ್ತಿ ಇಷ್ಟು ನೇರವಾಗಿ ಕಾಣಿಸುವುದು ಅಪರೂಪ.

ಅಲ್ಲಿಂದ ಮುಂದೆ ಗಂಟೆಗಳ ಲೆಕ್ಕ. ಅದೇ ರಾತ್ರಿ ಇನ್ನೊಬ್ಬ ಸ್ಪರ್ಧಿ ಟಾಮ್ ಸ್ಟೇಯರ್ ಹಿಂದೆ ಸರಿದರು. ಮರುದಿನ ಬುಟಿಜೆಜ್. ಮಾರ್ಚ್ 2ರಂದು ಕ್ಲೋಬುಷರ್. ಆ ಸೋಮವಾರ ಸಂಜೆ ಡಲ್ಲಾಸ್‌ನಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಬೇಕು. ಮೊದಲು ಒಂದು ರೆಸ್ಟೊರೆಂಟಿನಲ್ಲಿ ಬುಟಿಜೆಜ್ ಬೈಡನ್ ಪಕ್ಕ ನಿಂತು ಬೆಂಬಲ ಹೇಳಿದರು. ಈ ಹುಡುಗನನ್ನು ನೋಡಿದರೆ ತೀರಿಕೊಂಡ ಮಗ ಬೋ ನೆನಪಾಗುತ್ತಾನೆ ಎಂದು ಬೈಡನ್ ಭಾವುಕರಾದರು. ನಂತರದ ಬಹಿರಂಗ ಸಭೆಯಲ್ಲಿ ಕ್ಲೋಬುಷರ್ ವೇದಿಕೆ ಏರಿದರು. ಟೆಕ್ಸಸ್‌ನವರೇ ಆದ, ನವೆಂಬರ್‌ನಲ್ಲೇ ಕಣ ಬಿಟ್ಟಿದ್ದ ಬೆಟೊ ಒರೂರ್ಕ್ ಕೂಡ ಬಂದರು. ಒಂದೇ ಸಂಜೆ, ಒಂದೇ ಊರಿನಲ್ಲಿ, ಮೂವರು ಮಾಜಿ ಪ್ರತಿಸ್ಪರ್ಧಿಗಳು. ಹನ್ನೆರಡು ದಿನಗಳ ಹಿಂದೆ, ಫೆಬ್ರುವರಿ 19ರಂದು ಲಾಸ್ ವೇಗಸ್ ಚರ್ಚೆಯಲ್ಲಿ, ಮೆಕ್ಸಿಕೊ ಅಧ್ಯಕ್ಷರ ಹೆಸರು ನೆನಪಾಗದ ಪ್ರಸಂಗವನ್ನು ಬುಟಿಜೆಜ್ ಕೆದಕಿದಾಗ ಕ್ಲೋಬುಷರ್ ‘ನಾನು ದಡ್ಡಿ ಅಂತಿದ್ದೀರಾ?’ ಎಂಬ ಧಾಟಿಯಲ್ಲಿ ಸಿಡುಕಿದ್ದರು. ಅವರಿಬ್ಬರೂ ಈಗ ಒಬ್ಬರದೇ ಪ್ರಚಾರದಲ್ಲಿ!

ಮರುದಿನ 14 ರಾಜ್ಯಗಳಲ್ಲಿ ಬೈಡನ್ ಹತ್ತನ್ನು ಗೆದ್ದರು. ಮಿನೆಸೋಟದ ಫಲಿತಾಂಶವನ್ನಂತೂ ಯಾರೂ ನಿರೀಕ್ಷಿಸಿರಲಿಲ್ಲ. 2016ರಲ್ಲಿ ಸ್ಯಾಂಡರ್ಸ್ ಗೆದ್ದಿದ್ದ ರಾಜ್ಯ ಅದು. ಬೈಡನ್ ಅಲ್ಲಿ ಹೆಚ್ಚು ಪ್ರಚಾರವನ್ನೇ ಮಾಡಿರಲಿಲ್ಲ. ಆದರೂ ತವರಿನ ಸೆನೆಟರ್ ಕ್ಲೋಬುಷರ್ ಒಂದು ದಿನ ಮುಂಚೆ ಹಿಂದೆ ಸರಿದು ಕೈತೋರಿಸಿದ ಕಡೆಗೆ ಮತ ಹರಿಯಿತು: ಬೈಡನ್ ಶೇ 38ಕ್ಕೂ ಹೆಚ್ಚು, ಸ್ಯಾಂಡರ್ಸ್ ಶೇ 30ರ ಅಂಚು. ಮಸಾಚುಸೆಟ್ಸ್‌ನಲ್ಲಿ ವಾರನ್ ತಮ್ಮದೇ ರಾಜ್ಯದಲ್ಲಿ ಮೂರನೆಯವರಾದರು. ಜಾಹೀರಾತಿಗೆ 50 ಕೋಟಿ ಡಾಲರ್‌ಗೂ ಹೆಚ್ಚು ಸುರಿದ, ನ್ಯೂಯಾರ್ಕ್‌ನ ಮಾಜಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಗೆದ್ದದ್ದು ಅಮೆರಿಕನ್ ಸಮೋವಾ ಎಂಬ ದ್ವೀಪ ಪ್ರದೇಶವೊಂದನ್ನೇ. ಮರುದಿನ ಅವರೂ ಬೈಡನ್ ಕಡೆ ಬಂದರು.

ಬೆಂಬಲದ ಜೊತೆ ಏನು ಹೋಗುತ್ತದೆ?

ಹಿಂದೆ ಸರಿದವರು ತಮ್ಮ ಮತಗಳನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಟ್ಟರು ಎಂಬಂತೆ ಕೆಲವರು ವಿವರಿಸಿದರು. ಅದು ಸರಿಯಲ್ಲ.

ಮೊದಲನೆಯದಾಗಿ ಪ್ರತಿನಿಧಿಗಳು. ಬುಟಿಜೆಜ್ ಬಳಿ 26, ಕ್ಲೋಬುಷರ್ ಬಳಿ 7 ಪ್ರತಿನಿಧಿಗಳಿದ್ದರು. ಬೆಂಬಲ ಘೋಷಿಸಿದ ಮಾತ್ರಕ್ಕೆ ಅವರೆಲ್ಲ ಬೈಡನ್ ಖಾತೆಗೆ ಜಮೆಯಾಗುವುದಿಲ್ಲ. ರಾಜ್ಯಮಟ್ಟದಲ್ಲಿ ಗಳಿಸಿದವರು ಇನ್ನೂ ಕಣದಲ್ಲಿರುವವರ ನಡುವೆ ಮರುಹಂಚಿಕೆಯಾಗುತ್ತಾರೆ. ಜಿಲ್ಲಾಮಟ್ಟದವರು ಅಧಿವೇಶನಕ್ಕೆ ಹೋಗಿ ತಮ್ಮ ವಿವೇಚನೆಯಂತೆ ನಡೆಯಬಹುದು. ನಾಯಕನ ಮಾತಿಗೆ ಅವರು ಕಿವಿಗೊಡುತ್ತಾರೆ ಎಂಬುದು ಬೇರೆ. ಹ್ಯಾರಿಸ್ ಅವರಂತೂ ಮೊದಲ ಮತ ಬೀಳುವುದಕ್ಕೆ ಎರಡು ತಿಂಗಳ ಮುಂಚೆಯೇ, ಡಿಸೆಂಬರ್ 3ರಂದು, ಹಣ ಸಾಲದೆ ಹಿಂದೆ ಸರಿದವರು. ಅವರ ಬಳಿ ಕೊಡಲು ಒಬ್ಬ ಪ್ರತಿನಿಧಿಯೂ ಇರಲಿಲ್ಲ.

ಹಣವೂ ಹಾಗೆಯೇ. ಒಬ್ಬರ ಪ್ರಚಾರ ನಿಧಿಯಿಂದ ಇನ್ನೊಬ್ಬರ ನಿಧಿಗೆ ಒಂದು ಚುನಾವಣೆಗೆ 2,000 ಡಾಲರ್‌ಗಿಂತ ಹೆಚ್ಚು ಕೊಡುವಂತಿಲ್ಲ. ಹೋಗುವುದು ದೇಣಿಗೆ ಕೊಡುವವರ ನಂಟು, ಕೆಲಸ ಬಲ್ಲ ಸಿಬ್ಬಂದಿ, ಊರೂರಿನ ಸ್ವಯಂಸೇವಕರು. ಕಡಿಮೆ ಹಣದಲ್ಲಿ ತೆವಳುತ್ತಿದ್ದ ಬೈಡನ್ ತಂಡಕ್ಕೆ ಇದು ಸಣ್ಣ ಲಾಭವಲ್ಲ.

ಇನ್ನು ಮತ. ನಾಯಕರು ಕೈ ಕುಲುಕಿದರೂ ಕಾರ್ಯಕರ್ತರು ಕುಲುಕುವುದಿಲ್ಲ ಎಂಬುದು ಮಂಡ್ಯ, ತುಮಕೂರಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್–ಜೆಡಿಎಸ್ ಮೈತ್ರಿಯ ಮತ ವರ್ಗಾವಣೆ ಕೈಕೊಟ್ಟು ನಿಖಿಲ್ ಕುಮಾರಸ್ವಾಮಿಯೂ ಎಚ್.ಡಿ. ದೇವೇಗೌಡರೂ ಸೋತರು. ಅಮೆರಿಕದಲ್ಲೂ ಇಂಥದ್ದೇ ಆಗಿದೆ. 2016ರ ಜುಲೈ 12ರಂದು ಸ್ಯಾಂಡರ್ಸ್ ಹಿಲರಿ ಕ್ಲಿಂಟನ್ ಪಕ್ಕ ನಿಂತು ಬೆಂಬಲ ಕೊಟ್ಟರು. ಆದರೂ ಪ್ರೈಮರಿಯಲ್ಲಿ ಸ್ಯಾಂಡರ್ಸ್‌ಗೆ ಮತ ಹಾಕಿದ್ದವರಲ್ಲಿ ಸುಮಾರು ಶೇ 12ರಷ್ಟು ಮಂದಿ ನವೆಂಬರ್‌ನಲ್ಲಿ ಟ್ರಂಪ್‌ಗೆ ಒತ್ತಿದರು ಎಂದು ಒಂದು ದೊಡ್ಡ ಸಮೀಕ್ಷೆ ಅಂದಾಜಿಸಿತು.

ಮಾರ್ಚ್ 3ರಂದು ವರ್ಗಾವಣೆ ಕೆಲಸ ಮಾಡಿದ್ದಕ್ಕೆ ಕಾರಣ ಸರಳ. ಬುಟಿಜೆಜ್, ಕ್ಲೋಬುಷರ್ ಅವರನ್ನು ಮೆಚ್ಚಿದವರು ಬೈಡನ್ ಅವರನ್ನು ದ್ವೇಷಿಸುತ್ತಿರಲಿಲ್ಲ. ಟ್ರಂಪ್ ಅವರನ್ನು ಸೋಲಿಸಬಲ್ಲವರು ಯಾರು ಎಂದು ತಿಳಿಯದೆ ಚದುರಿಹೋಗಿದ್ದರು. ಯಾರ ಹಿಂದೆ ಗುಂಪುಗೂಡಬೇಕು ಎಂಬ ಸೂಚನೆ ಮತದಾನದ ಹಿಂದಿನ ರಾತ್ರಿ ಬಂತು. ಸೂಚನೆ ಬರುವ ಮುಂಚೆಯೇ ಅಂಚೆಯಲ್ಲಿ ಮತ ಹಾಕಿದ್ದವರಿಗೆ ಮಾತ್ರ ಕೈ ಕೈ ಹಿಸುಕಿಕೊಳ್ಳುವ ಸ್ಥಿತಿ. ಕಣದಲ್ಲೇ ಇಲ್ಲದ ಕ್ಲೋಬುಷರ್‌ಗೆ ಮಿನೆಸೋಟದಲ್ಲಿ ಶೇ 5ಕ್ಕೂ ಹೆಚ್ಚು ಮತ ಬಿದ್ದದ್ದು ಹೀಗೆ.

ಹ್ಯಾರಿಸ್ ತಡಮಾಡಿದ್ದು

ಬೆಂಬಲದ ಬೆಲೆಯನ್ನು ಅದು ಬಂದ ಗಳಿಗೆ ಬಹುಪಾಲು ನಿರ್ಧರಿಸುತ್ತದೆ ಎಂದಾದರೆ, ಹ್ಯಾರಿಸ್ ಅವರ ನಡೆ ವಿಚಿತ್ರವಾಗಿ ಕಾಣುತ್ತದೆ. ಅವರ ತವರು ಕ್ಯಾಲಿಫೋರ್ನಿಯಾದಲ್ಲಿ 415 ಪ್ರತಿನಿಧಿಗಳು, ದೇಶದಲ್ಲೇ ಅತಿ ಹೆಚ್ಚು. ಅಲ್ಲಿ ಮತದಾನವಾದದ್ದು ಮಾರ್ಚ್ 3ರಂದೇ. ಗೆದ್ದವರು ಸ್ಯಾಂಡರ್ಸ್. ಹ್ಯಾರಿಸ್ ಬಾಯಿಬಿಟ್ಟದ್ದು ಐದು ದಿನ ತಡವಾಗಿ, ತಮ್ಮ ಮಾತಿಗೆ ಅತಿ ಹೆಚ್ಚು ತೂಕವಿದ್ದ ರಾಜ್ಯ ಕೈಬಿಟ್ಟು ಹೋದ ಮೇಲೆ.

ಇದನ್ನು ಹೇಡಿತನ ಎನ್ನಬಹುದು, ಜಾಣತನವೂ ಎನ್ನಬಹುದು. ನನಗೆ ಎರಡನೆಯದೇ ಹೆಚ್ಚು ಕಾಣುತ್ತದೆ. ಫೆಬ್ರುವರಿ ಮಧ್ಯದಲ್ಲಿ ಬೈಡನ್ ಪ್ರಚಾರ ಮುಗಿಯಿತು ಎಂದೇ ಬಹುತೇಕರು ಬರೆದಿದ್ದರು. ಆಗ ಅವರ ಕೈಹಿಡಿದು ಮುಳುಗುವುದರಿಂದ ಹ್ಯಾರಿಸ್‌ಗೆ ದಕ್ಕುವುದೇನೂ ಇರಲಿಲ್ಲ. ಕಣದಲ್ಲಿ ಇನ್ನೂ ಕ್ಲೋಬುಷರ್, ವಾರನ್ ಇದ್ದರು. ಇಬ್ಬರೂ ಅವರ ಸಹ ಸೆನೆಟರುಗಳು. ಮಹಿಳೆ ಅಧ್ಯಕ್ಷೆಯಾಗಬೇಕೆಂದು ಬಯಸಿ ಹ್ಯಾರಿಸ್ ಹಿಂದೆ ನಿಂತಿದ್ದ ಹಲವರು ವಾರನ್ ಕಡೆ ಹೋಗಿದ್ದರು. ಅವರ ಮುಂದೆ ವಾರನ್ ವಿರುದ್ಧ ಬೈಡನ್ ಪರ ನಿಲ್ಲುವುದು ಮುಜುಗರದ ಕೆಲಸ. ಮಾರ್ಚ್ 5ರಂದು ವಾರನ್ ಹಿಂದೆ ಸರಿದರು, ಮೂರನೆಯ ದಿನಕ್ಕೆ ಹ್ಯಾರಿಸ್ ಹೇಳಿಕೆ ಬಂತು. ಮನಸ್ಸಿನಲ್ಲಿ ಏನಿತ್ತೋ ಅವರೇ ಬಲ್ಲರು, ದಿನಾಂಕಗಳಂತೂ ಹೀಗಿವೆ.

ವೈಯಕ್ತಿಕ ನಂಟೂ ಇದೆ. ಬೈಡನ್ ಮಗ ಬೋ ಡೆಲವೇರ್ ರಾಜ್ಯದ ಅಟಾರ್ನಿ ಜನರಲ್ ಆಗಿದ್ದಾಗ ಹ್ಯಾರಿಸ್ ಕ್ಯಾಲಿಫೋರ್ನಿಯಾದಲ್ಲಿ ಅದೇ ಹುದ್ದೆಯಲ್ಲಿದ್ದರು. ಗೃಹಸಾಲದ ಅಕ್ರಮಗಳ ವಿಚಾರದಲ್ಲಿ ದೊಡ್ಡ ಬ್ಯಾಂಕುಗಳ ವಿರುದ್ಧ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದ್ದರು. ಮಯಾಮಿಯ ಏಟು ಬೈಡನ್‌ಗೆ ಅಷ್ಟು ನೋವಾದದ್ದಕ್ಕೆ ಇದೂ ಕಾರಣ ಎನ್ನುತ್ತಾರೆ.

ಸ್ಯಾಂಡರ್ಸ್ ಪಾಳಯದ ಸಿಟ್ಟು

ಸ್ಯಾಂಡರ್ಸ್ ಬೆಂಬಲಿಗರ ಪ್ರಕಾರ ಇದೆಲ್ಲ ಪಕ್ಷದ ಗಣ್ಯರು ಕೂಡಿ ಹೂಡಿದ ಆಟ. ಮೊದಲ ಮೂರು ರಾಜ್ಯಗಳಲ್ಲೂ ಅತಿ ಹೆಚ್ಚು ಜನಮತ ಪಡೆದವರು ತಮ್ಮ ನಾಯಕ. ಅವರನ್ನು ತಡೆಯಲೆಂದೇ ಉಳಿದವರು ರಾತ್ರೋರಾತ್ರಿ ಒಂದಾದರು ಎಂಬುದು ಅವರ ವಾದ. ಬೈಡನ್ ಪರ ಇರುವವರ ಉತ್ತರ: ಗೆಲ್ಲುವ ದಾರಿ ಇಲ್ಲದವರು ಹಿಂದೆ ಸರಿದು ತಮಗೆ ಹತ್ತಿರದವರನ್ನು ಬೆಂಬಲಿಸುವುದರಲ್ಲಿ ಪಿತೂರಿ ಏನು ಬಂತು? ಮತ ಹಾಕಿದವರು ಜನ ತಾನೆ?

ಎರಡೂ ಕಡೆ ಸ್ವಲ್ಪ ಸತ್ಯವಿದೆ, ಆದರೆ ಸಮಪ್ರಮಾಣದಲ್ಲಿ ಅಲ್ಲ. ಪಕ್ಷದ ಹಿರಿಯರು ಒತ್ತಡ ಹಾಕಿಯೇ ಇರುತ್ತಾರೆ. ಆದರೆ ಒಡೆದ ಕಣದಲ್ಲಿ ಶೇ 30 ಇಟ್ಟುಕೊಂಡು ಗೆಲ್ಲುವುದೇ ಸ್ಯಾಂಡರ್ಸ್ ತಂಡದ ದಾರಿಯಾಗಿತ್ತು. ಎದುರಾಳಿಗಳು ಒಡೆದೇ ಇರುತ್ತಾರೆ ಎಂದು ನಂಬಿದ್ದು ಅವರ ಲೆಕ್ಕದ ದೋಷ. ಲಾಸ್ ವೇಗಸ್ ಚರ್ಚೆಯಲ್ಲಿ, ಯಾರಿಗೂ ಬಹುಮತ ಬರದಿದ್ದರೆ ಅತಿ ಹೆಚ್ಚು ಪ್ರತಿನಿಧಿಗಳಿರುವವರೇ ಅಭ್ಯರ್ಥಿಯಾಗಬೇಕೆ ಎಂಬ ಪ್ರಶ್ನೆಗೆ ಹೌದು ಎಂದವರು ಆರು ಮಂದಿಯಲ್ಲಿ ಸ್ಯಾಂಡರ್ಸ್ ಒಬ್ಬರೇ. ಉಳಿದ ಐವರ ಮನಸ್ಸು ಎತ್ತ ಇದೆ ಎಂದು ಆವತ್ತೇ ಬಯಲಾಗಿತ್ತು.

ಒಂದಾಗದೇ ಹೋದರೆ ಏನಾಗುತ್ತದೆ ಎಂಬ ಪಾಠ ಎದುರು ಪಕ್ಷದಲ್ಲಿತ್ತು. 2016ರಲ್ಲಿ ರಿಪಬ್ಲಿಕನ್ ಪಕ್ಷದ ಕಣವೂ ಕಿಕ್ಕಿರಿದಿತ್ತು. ಸೌತ್ ಕೆರೊಲಿನಾದಲ್ಲಿ ಟ್ರಂಪ್ ಪಡೆದದ್ದು ಶೇ 32.5 ಮತ, ಬಾಚಿಕೊಂಡದ್ದು 50ಕ್ಕೆ 50 ಪ್ರತಿನಿಧಿಗಳು. ಅಲ್ಲಿನ ನಿಯಮ ಗೆದ್ದವರಿಗೇ ಎಲ್ಲ ಎನ್ನುವಂಥದ್ದು. ಟೆಡ್ ಕ್ರೂಜ್, ಮಾರ್ಕೊ ರೂಬಿಯೊ, ಜಾನ್ ಕೇಸಿಕ್ ತಾವೇ ಕೊನೆಗೆ ಉಳಿಯುವವರು ಎಂದುಕೊಂಡು ಕಾದರು. ಮೊದಲು ಶರಣಾದ ಕ್ರಿಸ್ ಕ್ರಿಸ್ಟಿ ಫೆಬ್ರುವರಿ 26ರಂದೇ ಟ್ರಂಪ್ ಪರ ನಿಂತರು. ಕ್ರೂಜ್ ಜುಲೈನ ಅಧಿವೇಶನದಲ್ಲೂ ಬೆಂಬಲ ಹೇಳದೆ ಸ್ವಪಕ್ಷದವರಿಂದಲೇ ಕೂಗಾಟ ಕೇಳಿ, ಸೆಪ್ಟೆಂಬರ್‌ನಲ್ಲಿ ದಾರಿಗೆ ಬಂದರು. ಅಷ್ಟು ಹೊತ್ತಿಗೆ ಅವರ ಬೆಂಬಲ ಯಾರಿಗೂ ಬೇಕಿರಲಿಲ್ಲ.

ಸ್ಯಾಂಡರ್ಸ್ ಕಡೆಯವರಿಗೆ ವಾರನ್ ಮೇಲೆಯೂ ಅಸಮಾಧಾನವಿತ್ತು. ಮಧ್ಯಮಮಾರ್ಗಿಗಳು ಸೂಪರ್ ಟ್ಯೂಸ್‌ಡೇಗೆ ಮುನ್ನ ಒಂದಾದರು, ಸ್ಯಾಂಡರ್ಸ್, ವಾರನ್‌ರಂಥ ಪ್ರಗತಿಪರರು ಆಗಲಿಲ್ಲ. ವಾರನ್ ಆ ಹೊತ್ತಿಗೂ ಯಾರ ಪರವೂ ಬಾಯಿಬಿಟ್ಟಿರಲಿಲ್ಲ. ಆದರೆ ಅವರ ಮತದಾರರೆಲ್ಲ ಸ್ಯಾಂಡರ್ಸ್ ಪಾಲಾಗುತ್ತಿದ್ದರು ಎನ್ನುವುದು ಭ್ರಮೆ. ಸಮೀಕ್ಷೆಗಳಲ್ಲಿ ಅವರ ಎರಡನೆಯ ಆಯ್ಕೆ ಇಬ್ಬರ ನಡುವೆಯೂ ಹಂಚಿಹೋಗಿತ್ತು.

ಪ್ರತಿಫಲವೇನು?

ಆಗ ಎಲ್ಲರ ಬಾಯಲ್ಲಿ ಇದ್ದದ್ದು ಉಪಾಧ್ಯಕ್ಷ ಹುದ್ದೆ. ಇತಿಹಾಸ ಆ ಊಹೆಗೆ ಇಂಬು ಕೊಡುತ್ತಿತ್ತು. 1980ರಲ್ಲಿ ರೊನಾಲ್ಡ್ ರೇಗನ್ ಅವರ ಆರ್ಥಿಕ ನೀತಿಯನ್ನು ಮಾಟಮಂತ್ರಕ್ಕೆ ಹೋಲಿಸಿ ಗೇಲಿ ಮಾಡಿದ ಜಾರ್ಜ್ ಎಚ್.ಡಬ್ಲ್ಯು. ಬುಷ್ ಕೆಲವೇ ತಿಂಗಳಲ್ಲಿ ಅದೇ ರೇಗನ್ ಜೊತೆ ಉಪಾಧ್ಯಕ್ಷ ಅಭ್ಯರ್ಥಿಯಾದರು. 2008ರಲ್ಲಿ ಕೊನೆಯವರೆಗೂ ಕಾದಾಡಿದ ಹಿಲರಿ ಕ್ಲಿಂಟನ್ ಒಬಾಮ ಸರ್ಕಾರದ ವಿದೇಶಾಂಗ ಕಾರ್ಯದರ್ಶಿಯಾದರು. ಬೆಂಬಲಕ್ಕೆ ಪ್ರತಿಯಾಗಿ ಹುದ್ದೆಗೆ ನೇಮಿಸುತ್ತೇನೆಂದು ಅಭ್ಯರ್ಥಿ ಮಾತು ಕೊಡುವುದು ಅಲ್ಲಿ ಕಾನೂನಿನ ಪ್ರಕಾರ ಅಪರಾಧ. ಹಾಗಾಗಿ ಕಾಗದದ ಮೇಲೆ ಯಾವ ಒಪ್ಪಂದವೂ ಇರುವುದಿಲ್ಲ. ಉಪಕಾರ ನೆನಪಿನಲ್ಲಿ ಉಳಿಯುತ್ತದೆ, ಅಷ್ಟೆ.

ಹ್ಯಾರಿಸ್ ಹಿಂದೆ ಸರಿದ ಮರುದಿನವೇ, ಉಪಾಧ್ಯಕ್ಷ ಸ್ಥಾನಕ್ಕೆ ಅವರನ್ನು ಖಂಡಿತ ಪರಿಗಣಿಸುತ್ತೇನೆ ಎಂದು ಬೈಡನ್ ಹೇಳಿದ್ದರು. ಬೈಡನ್‌ಗೆ ಆಗ 77. ಗೆದ್ದರೂ ಎರಡನೇ ಅವಧಿಗೆ ನಿಲ್ಲುವುದು ಅನುಮಾನವಿತ್ತು. ಕಪ್ಪು ಮತದಾರರೇ ಸೌತ್ ಕೆರೊಲಿನಾದಲ್ಲಿ ಅವರನ್ನು ಉಳಿಸಿದ್ದು. ಆದ್ದರಿಂದ ಜೊತೆಗಾರರ ಆಯ್ಕೆಗೆ ಆ ಸಲ ಎಂದಿಗಿಂತ ಹೆಚ್ಚು ತೂಕವಿತ್ತು. ಹ್ಯಾರಿಸ್ ಎದುರಿದ್ದ ತೊಡಕು ಆ ಮಯಾಮಿ ರಾತ್ರಿಯೇ. ಅವರು ಟಿಕೆಟ್‌ನಲ್ಲಿದ್ದರೆ ಟ್ರಂಪ್ ಕಡೆಯವರು ಆ ವಿಡಿಯೊವನ್ನು ಜಾಹೀರಾತಾಗಿ ಹಾಕದೆ ಬಿಡುವಂತಿರಲಿಲ್ಲ. ಬೆಂಬಲ ಕೊಟ್ಟು ಒಟ್ಟಿಗೆ ವೇದಿಕೆಯಲ್ಲಿ ಕಾಣಿಸಿಕೊಳ್ಳುವುದು ಆ ಚಿತ್ರದ ಪಕ್ಕಕ್ಕೆ ಇನ್ನೊಂದು ಚಿತ್ರವನ್ನು ಆಗಲೇ ಇಟ್ಟುಕೊಳ್ಳುವ ಉಪಾಯವೂ ಆಗಿತ್ತು.

ಮುಂದಿನ ಎರಡು ಮಂಗಳವಾರ

ಮಾರ್ಚ್ 10ರಂದು ಆರು ರಾಜ್ಯಗಳಿಂದ 352 ಪ್ರತಿನಿಧಿಗಳು, ಅದರಲ್ಲಿ ಮಿಷಿಗನ್ ಒಂದರಿಂದಲೇ 125. 17ರಂದು ಫ್ಲಾರಿಡ, ಇಲಿನಾಯ್, ಒಹಾಯೊ, ಅರಿಜೋನಗಳಿಂದ 577 ತೀರ್ಮಾನವಾಗಬೇಕಿತ್ತು. ಇಬ್ಬರೇ ಉಳಿದಿರುವಾಗ ಶೇ 15ರ ಗೆರೆ ಬಹುತೇಕ ಅಪ್ರಸ್ತುತ. ಒಬ್ಬರು ಶೇ 55 ಪಡೆದರೆ ಪ್ರತಿನಿಧಿಗಳಲ್ಲೂ ಸುಮಾರು ಅಷ್ಟೇ ಪಾಲು ಸಿಗುತ್ತದೆ. ಹಿಂದಿರುವವರು ಸಮಕ್ಕೆ ಬರಬೇಕಾದರೆ ಸಾಲು ಸಾಲು ರಾಜ್ಯಗಳನ್ನು ದೊಡ್ಡ ಅಂತರದಲ್ಲಿ ಗೆಲ್ಲಬೇಕು. ಆ ಹೊತ್ತಿಗೆ ಬೈಡನ್ ಮುಂದಿದ್ದರು, ಅಂತರ ಇನ್ನೂ ನೂರರ ಆಸುಪಾಸಿನಲ್ಲಿತ್ತು. ಎರಡೂ ಮಂಗಳವಾರ ಬೈಡನ್ ಪಾಲಾದರೆ, 1952ರ ನಂತರ ಯಾರೂ ನೋಡದ, ಒಂದಕ್ಕಿಂತ ಹೆಚ್ಚು ಸುತ್ತಿನ ಮತದಾನ ನಡೆಯುವ ಅಧಿವೇಶನದ ಮಾತು ನಿಲ್ಲುತ್ತಿತ್ತು. ಮಧ್ಯೆ 15ರಂದು ಮುಖಾಮುಖಿ ಚರ್ಚೆ ಇತ್ತು. ಸ್ಯಾಂಡರ್ಸ್ ಅಲ್ಲಿ ಬೈಡನ್ ಅವರ ಇರಾಕ್ ಯುದ್ಧದ ಮತವನ್ನೂ ವಾಣಿಜ್ಯ ಒಪ್ಪಂದಗಳನ್ನೂ ಎತ್ತುವುದು ಖಚಿತವಾಗಿತ್ತು.

ಸ್ಯಾಂಡರ್ಸ್‌ಗೂ ಆ ಭಾನುವಾರ ಒಂದು ದೊಡ್ಡ ಬೆಂಬಲ ಸಿಕ್ಕಿತು: 1984 ಮತ್ತು 1988ರಲ್ಲಿ ತಾವೇ ಉಮೇದುವಾರಿಕೆಗೆ ಹೋರಾಡಿದ್ದ ಕಪ್ಪು ನಾಯಕ ಜೆಸ್ಸಿ ಜಾಕ್ಸನ್ ಮಿಷಿಗನ್‌ಗೇ ಬಂದು ಅವರ ಪರ ಮಾತಾಡಿದರು. 2016ರಲ್ಲಿ ಸಮೀಕ್ಷೆಗಳೆಲ್ಲ ಹಿಲರಿ ಎಂದಿದ್ದಾಗ ಸ್ಯಾಂಡರ್ಸ್ ಈ ರಾಜ್ಯವನ್ನು ಕೂದಲೆಳೆಯಲ್ಲಿ ಗೆದ್ದಿದ್ದರು. ಆಗಲೂ ಡೆಟ್ರಾಯಿಟ್ ಇರುವ ವೇಯ್ನ್ ಕೌಂಟಿ ಹಿಲರಿ ಕಡೆಗಿತ್ತು. ಸ್ಯಾಂಡರ್ಸ್‌ಗೆ ಗೆಲುವು ತಂದುಕೊಟ್ಟದ್ದು ಅದರಾಚೆಯ ಸಣ್ಣ ಪಟ್ಟಣಗಳು ಮತ್ತು ಬಿಳಿಯ ಕಾರ್ಮಿಕ ವರ್ಗ. ಹ್ಯಾರಿಸ್ ಸೋಮವಾರ ಮಾತಾಡಲಿದ್ದದ್ದು ಡೆಟ್ರಾಯಿಟ್‌ನಲ್ಲಿ, ಅಂದರೆ ಬೈಡನ್ ಹೇಗಿದ್ದರೂ ಮುಂದಿರಬಹುದಾಗಿದ್ದ ಜಾಗದಲ್ಲಿ. ಅಲ್ಲಿ ಅವರು ಮಾಡಬಹುದಾಗಿದ್ದದ್ದು ಮತಗಟ್ಟೆಗೆ ಬರುವವರ ಸಂಖ್ಯೆ ಹೆಚ್ಚಿಸುವುದು. ಸಣ್ಣ ಪಟ್ಟಣಗಳನ್ನು ಕಸಿಯುವ ಕೆಲಸ ಕ್ಲೋಬುಷರ್ ಅವರದ್ದಾಗಿತ್ತು, ಮಾರ್ಚ್ 5ರ ಗುರುವಾರ ಬೈಡನ್ ಪರ ನಿಂತ ಮಿಷಿಗನ್ ರಾಜ್ಯಪಾಲೆ ಗ್ರೆಚನ್ ವಿಟ್ಮರ್ ಅವರದ್ದಾಗಿತ್ತು. ಅಲ್ಲಿಯ ರಾಜ್ಯಪಾಲರು ಜನರೇ ಆರಿಸಿದವರು, ನಮ್ಮ ಮುಖ್ಯಮಂತ್ರಿಯಂತೆ.